ಕಿರು ಸಂಗೀತ ಕಛೇರಿಗೆ ಎಂಥ ಧ್ವನಿವ್ಯವಸ್ಥೆ?

(ಯುವ ಕಲಾವಿದರು ಮತ್ತು ಸಣ್ಣ ಸಭೆಗಳ ಸಂಘಟಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಪಿಟೀಲು ವಿದ್ವಾಂಸ ಮೈಸೂರು ಟಿ. ಚೌಡಯ್ಯನವರು 1920ರ ದಶಕದಲ್ಲಿ ತಮ್ಮ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿಗಳನ್ನು ಸೇರಿಸಿಕೊಂಡದ್ದು ಚಮತ್ಕಾರಕ್ಕಾಗಿ ಅಲ್ಲ. ಮೈಕು ಇಲ್ಲದ ಆ ಕಾಲದಲ್ಲಿ ದೊಡ್ಡ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತವರಿಗೂ ವಾದ್ಯ ಕೇಳಿಸಲಿ ಎಂಬ ಕಾರಣಕ್ಕಾಗಿ. ಆಗಿನ ಗಾಯಕರ ಪಾಡೂ ಅದೇ. ಕಂಠವನ್ನು ಎತ್ತಿ, ತಾರಸ್ಥಾಯಿಯಲ್ಲಿ ನಿಲ್ಲುವುದು ಅವರಿಗೆ ಶೈಲಿಯ ವಿಚಾರವಾಗಿದ್ದಷ್ಟೇ ಅನಿವಾರ್ಯವೂ ಆಗಿತ್ತು. ಮೈಕು ಬಂದ ಮೇಲೆ ಮಂದ್ರಸ್ಥಾಯಿಯ ಸಂಚಾರ, ಮೆಲುದನಿಯ ಗಮಕ, ವೀಣೆಯ ಮೀಟು ಕರಗುತ್ತ ಹೋಗುವಾಗ ಉಳಿಯುವ ಸಣ್ಣ ಎಳೆ, ಇವೆಲ್ಲ ಸಭೆಗೆ ತಲುಪತೊಡಗಿದವು. ಹೀಗಾಗಿ ಶಾಸ್ತ್ರೀಯ ಸಂಗೀತಕ್ಕೆ ಮೈಕೇ ಕೂಡದು ಎಂಬ ಮಡಿವಂತಿಕೆ ನನಗಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೆ: ನಮ್ಮ ಕಿರು ಕಛೇರಿಗಳಿಗೆ ಬೇಕಾದ ಧ್ವನಿವರ್ಧನೆ ನಾವು ಅಂದುಕೊಂಡಿರುವುದಕ್ಕಿಂತ ಬಹಳ ಕಡಿಮೆ, ಅಷ್ಟನ್ನು ಕೊಡುವ ಸಲಕರಣೆಯನ್ನು ಇಂದು ಕಲಾವಿದರೇ ಎತ್ತಿಕೊಂಡು ಬರಬಹುದು, ಹಾಗೆ ತಮ್ಮದೇ ಸಲಕರಣೆ ತಂದಾಗ ತಮ್ಮ ನಾದದ ಮೇಲಿನ ಹಿಡಿತವೂ ಅವರ ಕೈಯಲ್ಲೇ ಉಳಿಯುತ್ತದೆ.

ಕಿರು ಕಛೇರಿ ಎಂದಾಗ ನನ್ನ ಮನಸ್ಸಿನಲ್ಲಿರುವುದು ನಲವತ್ತರಿಂದ ನೂರೈವತ್ತು ಜನ ಕೂರುವ ಜಾಗಗಳು. ಬಡಾವಣೆಯ ರಾಮಮಂದಿರ, ದೇವಸ್ಥಾನದ ಪ್ರಾಕಾರ, ಮನೆಯ ಮಹಡಿ, ಶಾಲೆಯ ಸಭಾಂಗಣ ಇತ್ಯಾದಿ. ಬೆಂಗಳೂರಿನ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಚಪ್ಪರದಂಥ ದೊಡ್ಡ ಸಭೆಗೆ ಬೇಕಾದ ವ್ಯವಸ್ಥೆ ಬೇರೆ, ಅದನ್ನು ನಡೆಸುವವರೂ ಬೇರೆ. ಅಂಥ ಕಡೆ ಕಲಾವಿದರು ಸ್ಪೀಕರು ಹೊತ್ತು ಹೋಗುವ ಪ್ರಶ್ನೆಯೇ ಇಲ್ಲ. ಸಣ್ಣ ಜಾಗಗಳಲ್ಲಿ ಮಾತ್ರ ಸಾಮಾನ್ಯವಾಗಿ ನಡೆಯುವುದೇನೆಂದರೆ, ಸಂಘಟಕರು ಬೀದಿಯ ಕೊನೆಯ ಶಾಮಿಯಾನದವರಿಗೆ ಹೇಳಿ ಮೈಕ್‌ಸೆಟ್ ತರಿಸುತ್ತಾರೆ. ಮದುವೆ ಆರತಕ್ಷತೆಯ ಆರ್ಕೆಸ್ಟ್ರಾಕ್ಕೂ ಚುನಾವಣೆಯ ಭಾಷಣಕ್ಕೂ ಹೋಗುವ ಅದೇ ದೊಡ್ಡ ಡಬ್ಬಗಳು ಇಲ್ಲಿಗೂ ಬರುತ್ತವೆ. ಅರುವತ್ತು ಜನರ ಮುಂದೆ, ಐದು ಮಾರು ದೂರದಲ್ಲಿ, ಆ ಡಬ್ಬಗಳು ಮೃದಂಗದ ಎಡಭಾಗವನ್ನು ಗುಡುಗಿಸುತ್ತ ಕೂರುತ್ತವೆ.

ಎಷ್ಟು ಸದ್ದು ಬೇಕು ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಹಾಡುವ ಕಂಠದ ಮಟ್ಟ ಒಂದು ಮೀಟರ್ ದೂರದಲ್ಲಿ 75 ಡೆಸಿಬಲ್ ಎಂದಿಟ್ಟುಕೊಳ್ಳಿ. ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಒಂದರಿಂದ ಎರಡು, ಎರಡರಿಂದ ನಾಲ್ಕು, ನಾಲ್ಕರಿಂದ ಎಂಟು ಮೀಟರಿಗೆ ಹೋಗುವಷ್ಟರಲ್ಲಿ 18 ಡೆಸಿಬಲ್ ಕಳೆದು 57ರಷ್ಟು ಉಳಿಯುತ್ತದೆ. ಫ್ಯಾನು, ಹೊರಗಿನ ವಾಹನ, ಜನರ ಚಲನೆ ಇವೆಲ್ಲ ಸೇರಿ ಸಭಾಂಗಣದ ಹಿನ್ನೆಲೆಯ ಗಲಾಟೆಯೇ 50ರ ಆಸುಪಾಸು ಇದ್ದರೆ, ತಾರಷಡ್ಜ (ಮೇಲಿನ ಸ) ಸಲೀಸಾಗಿ ಕೇಳಿಸುತ್ತದೆ, ಮಂದ್ರ ಪಂಚಮ (ಕೆಳಗಿನ ಪ) ಫ್ಯಾನಿನ ಸದ್ದಿನಲ್ಲಿ ಮುಳುಗುತ್ತದೆ. ಇದನ್ನು ಸರಿಪಡಿಸಲು ಹಿಂದಿನ ಸಾಲಿಗೆ ಹತ್ತರಿಂದ ಹದಿನೈದು ಡೆಸಿಬಲ್ ಎತ್ತಿಕೊಟ್ಟರೆ ಸಾಕು. ಇನ್ನು ಒಂದು ಮೀಟರಿನಲ್ಲಿ 103 ಡೆಸಿಬಲ್ ಕೊಡಬಲ್ಲ, ಕೈಯಲ್ಲಿ ಹಿಡಿದು ನಡೆಯಬಹುದಾದ ಸಣ್ಣ ಸ್ಪೀಕರು ಎಂಟು ಮೀಟರಿನಲ್ಲಿ 85 ಡೆಸಿಬಲ್ ಕೊಡುತ್ತದೆ. ನಮಗೆ ಬೇಕಾದದ್ದು 70ರ ಸುತ್ತಮುತ್ತ. ಅಂದರೆ ಏಳೆಂಟು ಕಿಲೋ ತೂಕದ ಪೆಟ್ಟಿಗೆಯೂ ನಮ್ಮ ಅಗತ್ಯವನ್ನು ಮೀರಿ ಶಕ್ತಿ ಇಟ್ಟುಕೊಂಡಿರುತ್ತದೆ.

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವ ಮಾತು ವ್ಯಾಟು. ‘ಸಾರ್, ಇದು ಸಾವಿರ ವ್ಯಾಟ್’ ಎನ್ನುತ್ತಾರೆ. ವ್ಯಾಟು ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಸುಮಾರಾಗಿ ಎರಡರಷ್ಟು ಜೋರು ಅನ್ನಿಸಬೇಕಾದರೆ ವ್ಯಾಟು ಹತ್ತು ಪಟ್ಟು ಏರಬೇಕು. ಇದಕ್ಕೆ ಎದುರಾಗಿ, ಮೈಕನ್ನು ಬಾಯಿಂದ 30 ಸೆಂಟಿಮೀಟರ್ ದೂರದಿಂದ 15ಕ್ಕೆ ತಂದರೆ ಖರ್ಚಿಲ್ಲದೆ 6 ಡೆಸಿಬಲ್ ಸಿಗುತ್ತದೆ. ಅದು ನಾಲ್ಕು ಪಟ್ಟು ವ್ಯಾಟಿಗೆ ಸಮ. ಈ ಒಂದು ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಬಹುಪಾಲು ನಿರ್ಧಾರಗಳು ತಾವಾಗಿಯೇ ಸರಿದಾರಿಗೆ ಬರುತ್ತವೆ.

ಸಬ್‌ವೂಫರಿನ (ತೀರಾ ತಗ್ಗಿನ ಸ್ವರಗಳಿಗೆಂದೇ ಇರುವ ದೊಡ್ಡ ಸ್ಪೀಕರು) ವಿಚಾರಕ್ಕೂ ಲೆಕ್ಕವೇ ಉತ್ತರ ಕೊಡುತ್ತದೆ. ಸಿ ಶ್ರುತಿಯಲ್ಲಿ ಹಾಡುವ ಪುರುಷ ಗಾಯಕರ ಮಧ್ಯಷಡ್ಜ ಸೆಕೆಂಡಿಗೆ ಸುಮಾರು 131 ಕಂಪನ, ಅಂದರೆ 131 ಹರ್ಟ್ಸ್. ಅವರ ಮಂದ್ರ ಪಂಚಮ 98 ಹರ್ಟ್ಸ್. ಜಿ ಶ್ರುತಿಯಲ್ಲಿ ಹಾಡುವ ಗಾಯಕಿಯರ ಷಡ್ಜ 196, ಮಂದ್ರ ಪಂಚಮ 147, ತಾರ ಪಂಚಮ 588. ಕಂಠಸಂಗೀತದ ಮೂಲಸ್ವರಗಳೆಲ್ಲ ಈ ಸಣ್ಣ ಪಟ್ಟಿಯಲ್ಲೇ ಮುಗಿದುಹೋಗುತ್ತವೆ. ಸ್ವರಾಕ್ಷರದ ಸ್ಪಷ್ಟತೆ, ಸಾಹಿತ್ಯದ ವ್ಯಂಜನಗಳು, ಪಿಟೀಲಿನ ಕಮಾನಿನ ಒರಸು, ಮೃದಂಗದ ಬಲಭಾಗದ ನಾದ ಇವುಗಳ ಜೀವ ಇರುವುದು ಅದರಿಂದ ಮೇಲೆ, ಕೆಲವು ಸಾವಿರ ಹರ್ಟ್ಸ್‌ವರೆಗಿನ ಪ್ರದೇಶದಲ್ಲಿ. 60–70 ಹರ್ಟ್ಸ್‌ವರೆಗೆ ನೆಟ್ಟಗೆ ಇಳಿಯುವ ಸ್ಪೀಕರು ನಮಗೆ ಧಾರಾಳ. ಮೃದಂಗದ ಗುಂಕಾರವನ್ನು ಎದೆಗೆ ಗುದ್ದಿಸಲೇಬೇಕೆಂದಿದ್ದರೆ ಸಬ್‌ವೂಫರು ತನ್ನಿ. ಆದರೆ ಹತ್ತಿಪ್ಪತ್ತು ಕಿಲೋ ಭಾರ ಹೊತ್ತು ತಂದು ಗಾಯಕರ ಸಾಹಿತ್ಯವನ್ನು ಮಸುಕು ಮಾಡುವುದು ಯಾವ ರಸಿಕತೆ ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ.

ಈಗ ನಿಜವಾದ ತೊಡಕಿನ ವಿಚಾರಕ್ಕೆ ಬರೋಣ, ಅದು ಮೈಕಿನ ಕೂಗು. ಸ್ಪೀಕರಿನಿಂದ ಹೊರಟ ಸದ್ದು ಮತ್ತೆ ಮೈಕಿಗೆ ಸೇರಿ, ಹೆಚ್ಚಾಗಿ, ಮತ್ತೆ ಸ್ಪೀಕರಿಗೆ ಹೋಗಿ ಸುತ್ತತೊಡಗಿದಾಗ ಆಗುವ ಕರ್ಕಶ ಕೂಗಿಗೆ ಫೀಡ್‌ಬ್ಯಾಕ್ ಎನ್ನುತ್ತೇವೆ. ಕಛೇರಿಯಲ್ಲಿ ಇದು ಆರ್ಕೆಸ್ಟ್ರಾದಲ್ಲಿರುವುದಕ್ಕಿಂತ ಕಷ್ಟದ ಸಮಸ್ಯೆ. ಏಕೆಂದರೆ ನಮ್ಮಲ್ಲಿ ಮೆಲ್ಲಗಿನ ಮೂಲಗಳು ಹೆಚ್ಚು, ತೆರೆದ ಮೈಕುಗಳು ಹೆಚ್ಚು, ಎಲ್ಲರೂ ಒಂದೇ ಜಮಖಾನದ ಮೇಲೆ ಮೊಣಕಾಲು ತಗಲುವಷ್ಟು ಹತ್ತಿರ ಕುಳಿತಿರುತ್ತಾರೆ. ತೆರೆದಿರುವ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ, ಕೂಗು ಹುಟ್ಟುವ ಮುನ್ನ ನಮಗೆ ಸಿಗುವ ಅವಕಾಶ 3 ಡೆಸಿಬಲ್ ಕುಗ್ಗುತ್ತದೆ. ಒಂದು ಮೈಕಿನಿಂದ ನಾಲ್ಕಕ್ಕೆ ಹೋದರೆ 6, ಎಂಟಕ್ಕೆ ಹೋದರೆ 9. ನಮಗೆ ಬೇಕಾದದ್ದೇ ಹತ್ತು ಹದಿನೈದು ಡೆಸಿಬಲ್ ಎಂದು ಈಗಷ್ಟೇ ನೋಡಿದೆವು. ಅದರಲ್ಲಿ ಒಂಬತ್ತನ್ನು ಬರೀ ಮೈಕುಗಳ ಸಂಖ್ಯೆಯೇ ನುಂಗಿಹಾಕಿದರೆ ಉಳಿಯುವುದೇನು? ಆದ್ದರಿಂದ ಅರುವತ್ತು ಜನರ ಸಭೆಯಲ್ಲಿ ಘಟಕ್ಕೆ ಮೈಕು ಇಡಬೇಕೇ ಎಂಬ ಪ್ರಶ್ನೆ ಬಂದರೆ, ಮೊದಲು ಇಡದೆ ಕೇಳಿ ನೋಡಿ ಎನ್ನುತ್ತೇನೆ. ಮೃದಂಗಕ್ಕೂ ಬಲಕ್ಕೊಂದು ಎಡಕ್ಕೊಂದು ಎಂದು ಎರಡು ಮೈಕು ಬೇಕಾಗುವುದು ದೊಡ್ಡ ಸಭಾಂಗಣದಲ್ಲಿ. ಸಣ್ಣ ಜಾಗದಲ್ಲಿ ಬಲಭಾಗದ ಕಡೆಗೆ ಸ್ವಲ್ಪ ವಾಲಿಸಿಟ್ಟ ಒಂದೇ ಮೈಕು ಸಾಕು, ಎಷ್ಟೋ ಕಡೆ ಅದೂ ಬೇಡ. ಬಾಯಲ್ಲಿಟ್ಟು ನುಡಿಸುವ ಮೋರ್ಚಿಂಗ್ ಮಾತ್ರ ಇದಕ್ಕೆ ಅಪವಾದ. ಅದರ ಸದ್ದು ಅಷ್ಟು ಸಣ್ಣದಾದ್ದರಿಂದ ಮೈಕು ತುಟಿಯ ಬಳಿಯೇ ಇರಬೇಕು.

ಮೈಕುಗಳಲ್ಲಿ ಡೈನಾಮಿಕ್ ಮತ್ತು ಕಂಡೆನ್ಸರ್ ಎಂಬ ಎರಡು ಬಗೆಗಳು ನಮ್ಮ ಬಳಕೆಯಲ್ಲಿವೆ. 1966ರಲ್ಲಿ ಬಂದ ಶೂರ್ ಎಸ್‌ಎಂ58 ಎಂಬ ಡೈನಾಮಿಕ್ ಮೈಕನ್ನು ನೋಡದ ಕಲಾವಿದರು ಇರಲಾರರು. ಅದು ಗಟ್ಟಿಮುಟ್ಟು, ಬಿದ್ದರೂ ಕೆಡುವುದಿಲ್ಲ, ಹೊರಗಿನ ವಿದ್ಯುತ್ತು ಬೇಡ, ದೂರದ ಸದ್ದನ್ನು ಹೆಚ್ಚು ಹಿಡಿಯುವುದಿಲ್ಲವಾದ್ದರಿಂದ ಕೂಗುವುದೂ ಕಡಿಮೆ. ಆದರೆ ಅದು ಬಾಯಿಯ ಹತ್ತಿರ ಇಟ್ಟು ಹಾಡಲೆಂದೇ ಮಾಡಿದ ಮೈಕು. ಐದಾರು ಸೆಂಟಿಮೀಟರಿನಲ್ಲಿ ಹಾಡಿದರೆ ತಗ್ಗಿನ ಸ್ವರಗಳು ಉಬ್ಬಿ ಕಂಠ ದಪ್ಪವಾಗಿ ಕೇಳುತ್ತದೆ. ದೂರ ಸರಿದರೆ ಕಂಠ ಸೊರಗುತ್ತದೆ. ನಮ್ಮ ಗಾಯಕರಾದರೋ ಆಲಾಪನೆಯಲ್ಲಿ ಕೈಯಾಡಿಸುತ್ತ ಹಿಂದಕ್ಕೆ ಬಾಗುತ್ತಾರೆ, ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ನೆರವಲಿನಲ್ಲಿ ಪಿಟೀಲಿನವರ ಕಡೆ ತಿರುಗಿ ಹಾಡುತ್ತಾರೆ, ಮೃದಂಗದವರಿಗೆ ಶಹಬ್ಬಾಸ್ ಹೇಳುತ್ತ ಮೈಕಿಗೆ ಬೆನ್ನು ಹಾಕುತ್ತಾರೆ. 20–30 ಸೆಂಟಿಮೀಟರ್ ದೂರದಲ್ಲಿಟ್ಟ ಸಣ್ಣ ಕಂಡೆನ್ಸರ್ ಮೈಕು ಈ ಚಲನೆಯನ್ನು ತಾಳಿಕೊಂಡು, ಕಂಠದ ಮತ್ತು ಪಿಟೀಲಿನ ಸಹಜ ನಾದವನ್ನು ಹೆಚ್ಚು ನಂಬಿಕೆಯಿಂದ ಹಿಡಿಯುತ್ತದೆ. ಅದರ ಜೊತೆಗೆ ಪಕ್ಕದ ಮೃದಂಗವನ್ನೂ ಮೇಲಿನ ಫ್ಯಾನನ್ನೂ ಹಿಡಿಯುತ್ತದೆ. ಎರಡರಲ್ಲಿ ಯಾವುದು ಎಂದು ಕೇಳಿದರೆ, ನಿಶ್ಶಬ್ದವಾದ ಒಳಾಂಗಣಕ್ಕೆ ಕಂಠಕ್ಕೂ ಪಿಟೀಲಿಗೂ ಕಂಡೆನ್ಸರ್, ದೇವಸ್ಥಾನದ ಗಂಟೆ ಜಾಗಟೆಗಳ ನಡುವೆ ಡೈನಾಮಿಕ್ ಎಂಬುದು ನನ್ನ ರೂಢಿ. ಕಂಡೆನ್ಸರಿಗೆ, ಮೈಕುಗಳ ಸದ್ದನ್ನು ಬೆರೆಸುವ ಮಿಕ್ಸರಿನಿಂದ ಫ್ಯಾಂಟಮ್ ಪವರ್ ಎಂಬ 48 ವೋಲ್ಟಿನ ವಿದ್ಯುತ್ತು ಹೋಗಬೇಕು. ಬ್ಯಾಟರಿಯಲ್ಲಿ ನಡೆಯುವ ಎಲ್ಲ ಸಣ್ಣ ಸ್ಪೀಕರುಗಳೂ ಇದನ್ನು ಕೊಡುವುದಿಲ್ಲ. ಬೋಸ್ ಎಸ್‌1 ಪ್ರೊ ಕೊಡುವುದಿಲ್ಲ. ಇದನ್ನು ಕೊಳ್ಳುವ ಮುಂಚೆಯೇ ವಿಚಾರಿಸಿಕೊಳ್ಳಬೇಕು.

ನಮ್ಮ ಸಂಗೀತಕ್ಕೇ ವಿಶಿಷ್ಟವಾದ ಇನ್ನೊಂದು ಉಪದ್ರವವಿದೆ. ಗಾಯಕರು ತೊಡೆಯ ಮೇಲೆ ಹಾಕುವ ತಾಳದ ಪೆಟ್ಟು ಮರದ ವೇದಿಕೆಯ ಮೂಲಕ ಮೈಕ್ ಸ್ಟ್ಯಾಂಡಿಗೆ ಹತ್ತಿ, ಸ್ಪೀಕರಿನಲ್ಲಿ ‘ಧಬ್ ಧಬ್’ ಎಂದು ಬರುತ್ತದೆ. ಆದಿತಾಳದ ಪ್ರತಿಯೊಂದು ಆವರ್ತವೂ ಸಭೆಗೆ ಬಡಿತದಂತೆ ಕೇಳಿಸಿದರೆ ಮೃದಂಗದವರ ಸರದಿಯಾದ ತನಿ ಆವರ್ತನಕ್ಕೆ ಮೊದಲೇ ತಲೆನೋವು ಬರುತ್ತದೆ. ಸ್ಟ್ಯಾಂಡಿನ ಬುಡಕ್ಕೆ ನಾಲ್ಕು ಮಡಿಕೆಯ ಶಲ್ಯವನ್ನೋ ರಬ್ಬರ್ ಹಾಳೆಯನ್ನೋ ಹಾಕಿ, ಮಿಕ್ಸರಿನಲ್ಲಿ ಆ ಮೈಕಿನ ಲೋ-ಕಟ್ ಗುಂಡಿಯನ್ನು ಒತ್ತಿದರೆ ಇದು ಹೋಗುತ್ತದೆ. ಸಾಮಾನ್ಯವಾಗಿ 80 ಹರ್ಟ್ಸ್‌ನಿಂದ ಕೆಳಗಿನದನ್ನು ತೆಗೆದುಹಾಕುವ ಈ ಗುಂಡಿಯಿಂದ ಕಂಠಕ್ಕೆ ಯಾವ ನಷ್ಟವೂ ಇಲ್ಲ ಎಂಬುದು ಮೇಲೆ ಕೊಟ್ಟ ಅಂಕಿಗಳಿಂದಲೇ ಗೊತ್ತಾಗುತ್ತದೆ.

ವೀಣೆಗೆ ಪಿಕಪ್ (ವಾದ್ಯಕ್ಕೇ ಅಂಟಿಸಿ ಅದರ ನಾದ ಹಿಡಿಯುವ ಸಣ್ಣ ಸಾಧನ) ಹಾಕುವವರು ಒಂದು ವಿಷಯವನ್ನು ಗಮನಿಸಬೇಕು. ಪಿಯೆಜೊ ಬಗೆಯ ಪಿಕಪ್ಪನ್ನು ನೇರವಾಗಿ ಮೈಕಿನ ತೂತಿಗೆ ಸಿಕ್ಕಿಸಿದರೆ ನಾದ ತೆಳ್ಳಗಾಗಿ, ತಗಡಿನಂತೆ ಕೇಳುತ್ತದೆ. ಅದಕ್ಕೆ ಹೈ-ಇಂಪೀಡೆನ್ಸ್ ಇನ್‌ಪುಟ್ ಅಥವಾ ನಡುವೆ, ಪಿಕಪ್ಪನ್ನು ಮಿಕ್ಸರಿಗೆ ಹೊಂದಿಸಿ ಕೊಡುವ ಡಿಐ ಬಾಕ್ಸ್ ಎಂಬ ಸಣ್ಣ ಪೆಟ್ಟಿಗೆ ಬೇಕು. ಇದರ ತೂಕ ಅಂಗೈಯಲ್ಲಿಟ್ಟುಕೊಳ್ಳುವಷ್ಟು, ಉಪಯೋಗ ದೊಡ್ಡದು. ಪಿಕಪ್ಪಿನಲ್ಲಿ ಮೀಟು ಕೇಳುತ್ತದೆ, ವೀಣೆಯ ದುಂಡನೆಯ ಕೊಡದಿಂದ ಬರುವ ನಾದ ಕೇಳುವುದಿಲ್ಲ ಎಂಬ ದೂರು ವೈಣಿಕರದು. ಅದು ನಿಜವೂ ಹೌದು. ಸಾಧ್ಯವಿದ್ದ ಕಡೆ ಪಿಕಪ್ಪಿನ ಜೊತೆಗೆ ಕೊಡದ ಮುಂದೆ ಒಂದು ಕಂಡೆನ್ಸರ್ ಇಟ್ಟು ಎರಡನ್ನೂ ಬೆರೆಸಬಹುದು.

ಸ್ಪೀಕರನ್ನು ಎಲ್ಲಿಡಬೇಕೆಂಬ ಪ್ರಶ್ನೆಯನ್ನು ಕೊಳ್ಳುವ ಮುಂಚೆಯೇ ಯೋಚಿಸಬೇಕು, ಏಕೆಂದರೆ ಯಾವ ಆಕಾರದ ಸ್ಪೀಕರು ಎಂಬುದನ್ನು ನಿರ್ಧರಿಸುವುದು ಅದೇ. ಹಗುರವಾದ ವ್ಯವಸ್ಥೆಗಳಲ್ಲಿ ಇಂದು ಎರಡು ಬಗೆಗಳಿವೆ. ಒಂದು, ಸ್ಟ್ಯಾಂಡಿನ ಮೇಲೆ ನಿಲ್ಲಿಸುವ ಚಿಕ್ಕ ಪೆಟ್ಟಿಗೆ. ಇನ್ನೊಂದು, ಸಣ್ಣ ಸಣ್ಣ ಸ್ಪೀಕರುಗಳನ್ನು ಒಂದರ ಮೇಲೊಂದು ಜೋಡಿಸಿದ ತೆಳ್ಳನೆಯ ಕಂಬ. ಈ ಕಂಬದ ಬಗೆಯನ್ನು ಸಂಚಾರಿ ಕಲಾವಿದರಲ್ಲಿ ಜನಪ್ರಿಯಗೊಳಿಸಿದ್ದು ಬೋಸ್ ಕಂಪನಿ 2003ರಲ್ಲಿ ತಂದ ಎಲ್1. ಕಂಬದಿಂದ ಹೊರಡುವ ಸದ್ದು ಅಗಲವಾಗಿ ಹರಡುತ್ತದೆ, ಮೇಲಕ್ಕೂ ಕೆಳಕ್ಕೂ ಹೆಚ್ಚು ಹೋಗುವುದಿಲ್ಲ. ಹತ್ತಿರದ ವ್ಯಾಪ್ತಿಯಲ್ಲಿ ದೂರ ಇಮ್ಮಡಿಯಾದಾಗ 6 ಡೆಸಿಬಲ್ಲಿನ ಬದಲು 3ರಷ್ಟೇ ಇಳಿಯುತ್ತದೆ. ಇದರಿಂದ ಮುಂದಿನ ಸಾಲಿನವರಿಗೆ ಕಿವಿಗಡಚಿಕ್ಕದೆ ಹಿಂದಿನ ಸಾಲಿಗೂ ತಲುಪುತ್ತದೆ. ಕಲ್ಲಿನ ಮಂಟಪಗಳಲ್ಲಿ ಇದರ ಬೆಲೆ ಚೆನ್ನಾಗಿ ತಿಳಿಯುತ್ತದೆ. ನಾಲ್ಕು ಕಡೆ ಬರೀ ಕಲ್ಲು, ಮೇಲೆ ಕಲ್ಲಿನ ಚಾವಣಿ. ಅಂಥಲ್ಲಿ ಸದ್ದು ಜೋರು ಮಾಡಿದಷ್ಟೂ ಪ್ರತಿಧ್ವನಿಯೂ ಜೋರಾಗಿ ಚಿಟ್ಟೆಸ್ವರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಚಾವಣಿಗೆ ಸದ್ದು ಹೋಗದಂತೆ, ಜನರ ಮೇಲೆ ಮಾತ್ರ ಬೀಳುವಂತೆ ಮಾಡುವುದೊಂದೇ ಉಪಾಯ. ಜನರ ಬಟ್ಟೆ, ಮೈ ಸದ್ದನ್ನು ಹೀರುತ್ತವೆ, ಕಲ್ಲು ಹೀರುವುದಿಲ್ಲ.

ಆದರೆ ಈ ಕಂಬಗಳನ್ನು ರೂಪಿಸಿದ್ದು ನಿಂತು ಹಾಡುವವರಿಗಾಗಿ, ನಿಂತೋ ಕುರ್ಚಿಯ ಮೇಲೆ ಕುಳಿತೋ ಕೇಳುವವರಿಗಾಗಿ. ಪೂರ್ತಿ ಎತ್ತಿ ನಿಲ್ಲಿಸಿದರೆ ಎರಡು ಮೀಟರಿನಷ್ಟು ಎತ್ತರವಾಗುತ್ತವೆ. ನಮ್ಮಲ್ಲಿ ಕಲಾವಿದರು ಒಂದೂವರೆ ಅಡಿಯ ವೇದಿಕೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ, ಕೇಳುವವರು ಜಮಖಾನದ ಮೇಲೆ. ಕಂಬವನ್ನು ವೇದಿಕೆಯ ಮೇಲೆ ಪೂರ್ತಿ ಎತ್ತರಕ್ಕೆ ನಿಲ್ಲಿಸಿದರೆ ಸದ್ದಿನ ಬಹುಪಾಲು ಜನರ ತಲೆಯ ಮೇಲೆ ಹಾದು ಹಿಂದಿನ ಗೋಡೆಗೆ ಬಡಿಯುತ್ತದೆ. ನೆಲದ ಮೇಲೆ ಕುಳಿತ ಸಭೆಗೆ, ನಡುವಿನ ತುಂಡನ್ನು ತೆಗೆದು ಕಂಬವನ್ನು ಗಿಡ್ಡವಾಗಿಸಿ ವೇದಿಕೆಯ ಪಕ್ಕದಲ್ಲಿ ನೆಲದ ಮೇಲೆ ಇಡುವುದು ಸರಿ. ಕೊಳ್ಳುವಾಗ ಹೀಗೆ ಗಿಡ್ಡವಾಗಿಸಲು ಬರುವ ಮಾದರಿಯನ್ನೇ ಕೊಳ್ಳಬೇಕು.

ತಯಾರಕರ ಜಾಹೀರಾತಿನಲ್ಲಿ ಕಂಬವನ್ನು ಕಲಾವಿದರ ಬೆನ್ನ ಹಿಂದೆ ಇಟ್ಟಿರುತ್ತಾರೆ. ಕಲಾವಿದರಿಗೂ ಸಭೆಗೂ ಒಂದೇ ನಾದ ಕೇಳುತ್ತದೆ, ಕಲಾವಿದರಿಗೆ ಕೇಳಿಸಲೆಂದು ಇಡುವ ಮಾನಿಟರ್ ಸ್ಪೀಕರು ಬೇರೆ ಬೇಡ ಎಂಬುದು ಅವರ ವಾದ. ಬಾಯಿಗೆ ಅಂಟಿಕೊಂಡ ಡೈನಾಮಿಕ್ ಮೈಕಿಗೆ ಅದು ನಡೆದೀತು, ಒಂದಡಿ ದೂರದ ಕಂಡೆನ್ಸರಿಗೆ ನಡೆಯುವುದಿಲ್ಲ. ಮೈಕಿನ ಮುಖ ನೇರವಾಗಿ ಸ್ಪೀಕರಿನ ಕಡೆಗೇ ಇರುವುದರಿಂದ ಅದು ಕೂಗಿಯೇ ಕೂಗುತ್ತದೆ. ಹಾಗೆಂದು ಸ್ಪೀಕರನ್ನು ಕಲಾವಿದರಿಂದ ಬಹಳ ಮುಂದಕ್ಕೆ ತಂದರೆ, ಮುಂದೆ ಕುಳಿತವರಿಗೆ ಗಾಯಕರು ಎದುರಿಗಿದ್ದೂ ಹಾಡು ಪಕ್ಕದ ಪೆಟ್ಟಿಗೆಯಿಂದ ಬಂದಂತಾಗುತ್ತದೆ. ಕಿವಿಗೆ ಮೊದಲು ಯಾವ ದಿಕ್ಕಿನಿಂದ ಸದ್ದು ಬರುತ್ತದೆಯೋ ಆ ದಿಕ್ಕನ್ನೇ ನಾವು ಮೂಲವೆಂದು ನಂಬುತ್ತೇವೆ. ಕೆಲವೇ ಮಿಲಿಸೆಕೆಂಡು ತಡವಾಗಿ ಬರುವ ಸದ್ದು ಅದಕ್ಕಿಂತ ಜೋರಾಗಿದ್ದರೂ ನಂಬಿಕೆ ಬದಲಾಗುವುದಿಲ್ಲ. 1949ರಲ್ಲಿ ಹೆಲ್ಮುಟ್ ಹಾಸ್ ತೋರಿಸಿಕೊಟ್ಟ ಈ ಗುಣ ನಮಗೆ ವರದಾನ. ಗಾಯಕರ ಸಾಲಿನಲ್ಲೇ, ಅಥವಾ ಅವರಿಗಿಂತ ಅರ್ಧ ಮೀಟರ್ ಮಾತ್ರ ಹಿಂದೆ, ಆದರೆ ಎರಡು ಮೂರು ಮೀಟರ್ ಪಕ್ಕಕ್ಕೆ ಸ್ಪೀಕರನ್ನು ಇಟ್ಟರೆ ಕೂಗೂ ಹತೋಟಿಯಲ್ಲಿರುತ್ತದೆ, ನಾದವೂ ಗಾಯಕರ ಬಾಯಿಂದಲೇ ಹೊರಟಂತೆ ಕೇಳುತ್ತದೆ. ಮೈಕು ಇದೆ ಎಂಬುದೇ ಮರೆತುಹೋಗುವ ಕಛೇರಿಗಳ ಹಿಂದೆ ಇರುವುದು ಹೆಚ್ಚಾಗಿ ಇಂಥ ಜಾಗದ ಆಯ್ಕೆಯೇ.

ಮಾನಿಟರ್ ಬೇಕೇ? ಗಾಯಕರಿಗೆ ಶ್ರುತಿ ಕೇಳಬೇಕು, ಪಿಟೀಲಿನವರಿಗೆ ಗಾಯಕರು ಕೇಳಬೇಕು. ಅಷ್ಟು ಹತ್ತಿರ ಕುಳಿತವರಿಗೆ ಸಣ್ಣ ಜಾಗದಲ್ಲಿ ಮಾನಿಟರ್ ಇಲ್ಲದೆಯೂ ಇದು ಸಾಧ್ಯ. ಬೇಕೇ ಬೇಕೆಂದರೆ ಒಂದು ಪುಟ್ಟ ಸ್ಪೀಕರು ಸಾಕು, ಆದರೆ ಎಲ್ಲಿ ಇಡಬೇಕೆಂಬುದು ಮೈಕಿನ ಬಗೆಯ ಮೇಲೆ ನಿಂತಿದೆ. ಎಸ್‌ಎಂ58ರಂಥ ಕಾರ್ಡಿಯಾಯ್ಡ್ ಮೈಕು ತನ್ನ ನೇರ ಹಿಂದಿನಿಂದ ಬರುವ ಸದ್ದಿಗೆ ಕಿವುಡು. ಮಾನಿಟರ್ ಅಲ್ಲೇ ಇರಲಿ. ಸೂಪರ್‌ಕಾರ್ಡಿಯಾಯ್ಡ್ ಮೈಕಿಗೆ ನೇರ ಹಿಂದಿನದು ಸ್ವಲ್ಪ ಕೇಳುತ್ತದೆ, ಅದರ ಕಿವುಡು ದಿಕ್ಕು ಮುಖದಿಂದ ಸುಮಾರು 126 ಡಿಗ್ರಿ ಓರೆಯಲ್ಲಿದೆ. ಹಾಗಾಗಿ ಮಾನಿಟರನ್ನು ಒಂದು ಪಕ್ಕಕ್ಕೆ ಸರಿಸಬೇಕು. ಮಾನಿಟರಿಗೆ ಸದ್ದು ಕಳಿಸುವ ಮಿಕ್ಸರಿನ ದಾರಿ ಪ್ರೀ-ಫೇಡರ್ ಆಗಿರಬೇಕು, ಅಂದರೆ ಸದ್ದು ಏರಿಸಿ ಇಳಿಸುವ ಫೇಡರಿಗೆ ಮುಂಚೆಯೇ ಕವಲೊಡೆಯಬೇಕು. ಇಲ್ಲವಾದರೆ ಸಭೆಗಾಗಿ ಫೇಡರ್ ಎತ್ತಿದಾಗಲೆಲ್ಲ ಮಾನಿಟರೂ ಏರಿ ಕೂಗು ಹುಟ್ಟುತ್ತದೆ.

ಮಿಕ್ಸರಿನ ವಿಚಾರದಲ್ಲಿ ಸಣ್ಣ ಸ್ಪೀಕರುಗಳು ನಮ್ಮನ್ನು ಸ್ವಲ್ಪ ಇಕ್ಕಟ್ಟಿಗೆ ಸಿಲುಕಿಸುತ್ತವೆ. ಅವುಗಳ ಬೆನ್ನಿನಲ್ಲೇ ಮಿಕ್ಸರು ಇರುತ್ತದೆ ನಿಜ, ಆದರೆ ಮೈಕಿನ ತೂತುಗಳು ಎರಡೋ ಮೂರೋ. ಕಂಠ, ಪಿಟೀಲು, ಮೃದಂಗ, ತಂಬೂರಿ ಎಂದರೆ ಆಗಲೇ ನಾಲ್ಕು. ನಾಲ್ಕು ಮೈಕ್ ಇನ್‌ಪುಟ್ ಮತ್ತು ಫ್ಯಾಂಟಮ್ ಪವರ್ ಇರುವ, ಎರಡು ಕಿಲೋ ತೂಗುವ ಬಿಡಿ ಮಿಕ್ಸರು ಬ್ಯಾಗಿನಲ್ಲಿ ಸಲೀಸಾಗಿ ಹಿಡಿಯುತ್ತದೆ. ಅದನ್ನು ಸಭೆಯ ನಡುವೆ ಇಟ್ಟುಕೊಂಡು, ಜನರಿಗೆ ಕೇಳುವುದನ್ನೇ ಕೇಳುತ್ತ ಹದ ಮಾಡಬಹುದು ಎಂಬುದು ಹೆಚ್ಚಿನ ಲಾಭ. ಅದರಲ್ಲಿರುವ ರಿವರ್ಬ್ ಗುಂಡಿಯನ್ನು ದಯವಿಟ್ಟು ಮುಟ್ಟಬೇಡಿ. ಕಛೇರಿಗೆ ಸ್ನಾನದ ಮನೆಯ ಅನುರಣನ ಬೇಕಿಲ್ಲ.

ತಂಬೂರಿಯ ಆ್ಯಪನ್ನು ಫೋನಿನಿಂದ ಬ್ಲೂಟೂತಿನಲ್ಲಿ ಕಳಿಸುವವರು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಆಮೇಲೆ ಬ್ಲೂಟೂತ್ ಮಾತ್ರ ತೆರೆಯಬೇಕು. ಇಲ್ಲದಿದ್ದರೆ ಸಾವೇರಿ ರಾಗದ ನಡುವೆ ಬ್ಯಾಂಕಿನವರ ಕರೆ ಸಭೆಗೆಲ್ಲ ಕೇಳುತ್ತದೆ. ವೈರ್‌ಲೆಸ್ ಮೈಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುಳಿತು ಹಾಡುವವರಿಗೆ ಅದರ ಅಗತ್ಯವೇ ಇಲ್ಲ.

ವಿದ್ಯುತ್ತಿನ ವಿಚಾರದಲ್ಲಿ ಬ್ಯಾಟರಿ ಸ್ಪೀಕರಿನ ಲಾಭ ಕರೆಂಟು ಹೋದಾಗ ಮಾತ್ರವಲ್ಲ. ಹಬ್ಬದ ದಿನ ದೇವಸ್ಥಾನದಲ್ಲಿ ಸೀರಿಯಲ್ ಸೆಟ್ಟು, ನೀರಿನ ಪಂಪು, ಫ್ಯಾನು ಎಲ್ಲವೂ ಒಂದೇ ಲೈನಿನ ಮೇಲೆ ನೇತಾಡುತ್ತಿರುತ್ತವೆ. ಅರ್ಥಿಂಗ್ ಸರಿಯಿಲ್ಲದ ಕಡೆ 50 ಮತ್ತು 100 ಹರ್ಟ್ಸ್‌ಗಳ ಗುಂಯ್‌ಗುಡುವಿಕೆ ಸ್ಪೀಕರಿಗೆ ಸೇರಿಕೊಂಡು, ತಂಬೂರಿಯ ಜೊತೆಗೆ ಶ್ರುತಿ ಸೇರದ ಇನ್ನೊಂದು ತಂಬೂರಿಯಂತೆ ಮೀಟುತ್ತಿರುತ್ತದೆ. ಸ್ಪೀಕರನ್ನು ಬ್ಯಾಟರಿಯ ಮೇಲೆ ನಡೆಸಿದರೆ ಇದು ಬಹುಮಟ್ಟಿಗೆ ಮಾಯವಾಗುತ್ತದೆ. ಗುಂಯ್ ನಿಲ್ಲಿಸಲೆಂದು ಪ್ಲಗ್ಗಿನ ಅರ್ಥ್ ಕಡ್ಡಿಯನ್ನು ಮುರಿಯುವವರನ್ನು ನೋಡಿದ್ದೇನೆ. ಅದು ಪ್ರಾಣಕ್ಕೆ ಅಪಾಯ, ಯಾವ ಕಾರಣಕ್ಕೂ ಮಾಡಕೂಡದು. ಬ್ಯಾಟರಿ 10–12 ಗಂಟೆ ಬರುತ್ತದೆಂದು ತಯಾರಕರು ಬರೆಯುವುದು ಸಾಧಾರಣ ಸದ್ದಿನ ಲೆಕ್ಕದಲ್ಲಿ. ನಮ್ಮ ಬಳಕೆಯೂ ಸಾಧಾರಣವೇ ಆದ್ದರಿಂದ ಎರಡೂವರೆ ಗಂಟೆಯ ಕಛೇರಿಗೆ ಚಿಂತೆಯಿಲ್ಲ. ವಿಮಾನದಲ್ಲಿ ಹೋಗುವವರು ಮಾತ್ರ, 100 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, 160 ಮೀರಿದರೆ ಪ್ರಯಾಣಿಕರು ಒಯ್ಯುವಂತೆಯೇ ಇಲ್ಲ, ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು ಎಂಬ ನಿಯಮಗಳನ್ನು ತಿಳಿದಿರಬೇಕು.

ಇನ್ನು ತೂಕ. ಬೋಸ್ ಎಸ್‌1 ಪ್ರೊ ಸುಮಾರು 7 ಕಿಲೋ, ಜೆಬಿಎಲ್ ಇಯಾನ್ ಒನ್ ಕಾಂಪ್ಯಾಕ್ಟ್ ಸುಮಾರು 8 ಕಿಲೋ. ಕಂಬದ ಬಗೆಯಲ್ಲಿ ಎಲ್1 ಕಾಂಪ್ಯಾಕ್ಟ್ ಸುಮಾರು 13 ಕಿಲೋ ಇತ್ತು, 2020ರಲ್ಲಿ ಬಂದ ಎಲ್1 ಪ್ರೊ8 ಸುಮಾರು 17. ಅಂಕಿಗಳನ್ನು ನೋಡುವಾಗ ಸ್ಪೀಕರಿನ ತೂಕವೇ ಇಡೀ ತೂಕವಲ್ಲ ಎಂಬುದು ನೆನಪಿರಲಿ. ನಾಲ್ಕು ಗಿಡ್ಡ ಸ್ಟ್ಯಾಂಡು, ಕೇಬಲ್ಲುಗಳು, ಎಕ್ಸ್‌ಟೆನ್ಷನ್ ಬೋರ್ಡು, ಮಿಕ್ಸರು ಸೇರಿದರೆ ಇನ್ನೂ ಹತ್ತು ಕಿಲೋ ಸುಲಭವಾಗಿ ಆಗುತ್ತದೆ. ಒಬ್ಬರು ಎರಡು ಸಲ ನಡೆದು, ಮಹಡಿ ಮೆಟ್ಟಿಲು ಹತ್ತಿ ಮೇಲೆ ತರಲು ಆಗದಷ್ಟು ಸಾಮಾನು ಕೊಂಡರೆ, ಕೆಲವೇ ದಿನಗಳಲ್ಲಿ ಅದು ಮನೆಯ ಮೂಲೆ ಸೇರುತ್ತದೆ. ಹಣದ ಹಂಚಿಕೆಯಲ್ಲಿ ನನ್ನ ಸಲಹೆ, ಅರ್ಧದಷ್ಟನ್ನು ಮೈಕುಗಳಿಗೂ ಒಳ್ಳೆಯ ಕೇಬಲ್ಲುಗಳಿಗೂ ಮೀಸಲಿಡಿ ಎಂಬುದು. ಸ್ಪೀಕರು ಹಳತಾಗುತ್ತದೆ, ಬ್ಯಾಟರಿ ಸಾಯುತ್ತದೆ. ಒಳ್ಳೆಯ ಮೈಕು ಇಪ್ಪತ್ತು ವರ್ಷ ಬಾಳುತ್ತದೆ.

ಅಂಗಡಿಯಲ್ಲಿ ಪರೀಕ್ಷಿಸುವಾಗ ಸಿನಿಮಾ ಹಾಡು ಹಾಕಿ ಕೇಳಬೇಡಿ. ನಿಮ್ಮದೇ ಮೈಕು ತೆಗೆದುಕೊಂಡು ಹೋಗಿ, ನಿಮ್ಮ ಶ್ರುತಿಯಲ್ಲಿ ತಂಬೂರಿ ಹಾಕಿ, ಮಂದ್ರ ಪಂಚಮದಿಂದ ತಾರ ಪಂಚಮದವರೆಗೆ ಅಕಾರದಲ್ಲಿ ನಿಧಾನವಾಗಿ ಹತ್ತಿ ಇಳಿಯಿರಿ. ಯಾವುದಾದರೂ ಒಂದು ಸ್ವರ ಇದ್ದಕ್ಕಿದ್ದಂತೆ ಉಬ್ಬಿದರೆ, ಇನ್ನೊಂದು ಹಿಂದೆ ಸರಿದರೆ, ಆ ಪೆಟ್ಟಿಗೆ ಬೇಡ. ಆಮೇಲೆ ಯಾರೂ ಹಾಡದೆ ಸದ್ದನ್ನು ಕಛೇರಿಯ ಮಟ್ಟಕ್ಕೆ ಏರಿಸಿ, ಸ್ಪೀಕರಿನ ಹತ್ತಿರ ಕಿವಿಯಿಟ್ಟು ಕೇಳಿ. ‘ಸ್‌ಸ್’ ಎಂಬ ಒಳಸದ್ದು ಎರಡು ಮೀಟರಿಗೂ ಕೇಳಿಸುತ್ತಿದ್ದರೆ ಆಲಾಪನೆಯ ನಿಲುಗಡೆಗಳಲ್ಲಿ ಅದು ಸಭೆಗೂ ಕೇಳುತ್ತದೆ. ಕೊನೆಗೆ ಒಬ್ಬರು ಮಾತಾಡುತ್ತಿರಲಿ, ನೀವು ಸ್ಪೀಕರಿನ ಎದುರಿನಿಂದ ಪಕ್ಕಕ್ಕೆ ನಡೆಯುತ್ತ ಹೋಗಿ. ವ್ಯಂಜನಗಳು ಎಲ್ಲಿ ಮಸುಕಾಗುತ್ತವೆಯೋ ಅಲ್ಲಿಗೆ ಆ ಸ್ಪೀಕರಿನ ಹರವು ಮುಗಿಯಿತು.

ಕಾನೂನಿನ ಮಾತನ್ನೂ ಸಂಘಟಕರು ಕೇಳಿಸಿಕೊಳ್ಳಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕ ಬಳಸಲು ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಮುಚ್ಚಿದ ಸಭಾಂಗಣಗಳ ಒಳಗಿನ ಬಳಕೆಯಂಥ ಸಂದರ್ಭಗಳನ್ನು ಬಿಟ್ಟರೆ, ನಿಷೇಧವಿದೆ. ವಸತಿ ಪ್ರದೇಶಕ್ಕೆ ನಿಗದಿಯಾದ ಮಟ್ಟ ಹಗಲಿನಲ್ಲಿ 55, ರಾತ್ರಿ 45 ಡೆಸಿಬಲ್. ಮಹಡಿಯ ಮೇಲಿನ ಕಛೇರಿಗೆ ಪಕ್ಕದ ಮನೆಯವರು ತಕರಾರು ತೆಗೆಯದಿರಲು, ಸ್ಪೀಕರಿನ ಬೆನ್ನನ್ನು ಅವರ ಮನೆಯ ಕಡೆಗಿಟ್ಟು ಅವರನ್ನೂ ಕಛೇರಿಗೆ ಕರೆಯುವುದು ಒಳ್ಳೆಯದು.

ಉಪನ್ಯಾಸದ ಕೊನೆಗೆ ಸಭಿಕರಿಂದ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತಿದ್ದೇನೆ. ಧಾರವಾಡದ ಕಡೆಯಿಂದ ಬಂದಿದ್ದವರೊಬ್ಬರು, ಹಿಂದೂಸ್ತಾನಿ ಬೈಠಕ್ಕಿಗೂ ಇದೇ ಸಲಹೆಗಳು ಅನ್ವಯಿಸುತ್ತವೆಯೇ ಎಂದು ಕೇಳಿದರು. ಬಹುಪಾಲು ಅನ್ವಯಿಸುತ್ತವೆ. ವ್ಯತ್ಯಾಸವಿರುವುದು ತಾನಪುರದಲ್ಲಿ, ಗಾಯಕರ ಬೆನ್ನಿಗೆ ಎರಡು ನಿಜವಾದ ತಾನಪುರಗಳಿದ್ದರೆ, ಒಂದಡಿ ದೂರದ ಕಂಡೆನ್ಸರ್ ಮೈಕು ಕಂಠದ ಜೊತೆಗೆ ಅವನ್ನೂ ತಕ್ಕ ಪ್ರಮಾಣದಲ್ಲಿ ಹಿಡಿಯುತ್ತದೆ, ಬೇರೆ ಮೈಕು ಬೇಡ. ಹಾರ್ಮೋನಿಯಂ ಸಣ್ಣ ಜಾಗದಲ್ಲಿ ತಾನಾಗಿಯೇ ಸಾಕಷ್ಟು ಕೇಳುತ್ತದೆ. ತಬಲಾಕ್ಕೆ ಒಂದು ಮೈಕು, ದಾಯಾ ಬಾಯಾಗಳ (ಬಲ ಎಡ ಭಾಗಗಳ) ನಡುವೆ ಸ್ವಲ್ಪ ಮೇಲಿಂದ. ಕುಂದಗೋಳದ ನಾಡಿಗೇರ ವಾಡೆಯಂಥ ಹಳೆಯ ಮನೆಗಳಲ್ಲಿ ಕಲ್ಲಿನ ಮಂಟಪದ ಪ್ರತಿಧ್ವನಿಯ ಕಾಟ ಇರುವುದಿಲ್ಲವಾದ್ದರಿಂದ ಇನ್ನೂ ಕಡಿಮೆ ಸದ್ದಿನಲ್ಲಿ ಕೆಲಸ ನಡೆಯುತ್ತದೆ.

ಇನ್ನೊಬ್ಬರು, ಇಷ್ಟೆಲ್ಲ ಕೊಂಡರೂ ಮಿಕ್ಸರಿನ ಮುಂದೆ ಕೂರುವವರು ಯಾರು ಎಂದು ಕೇಳಿದರು. ಹಾಡುವವರೇ ವೇದಿಕೆಯಿಂದ ಹದ ಮಾಡುವುದು ಆಗದ ಮಾತು, ಏಕೆಂದರೆ ಅವರಿಗೆ ಸಭೆಯ ನಾದ ಕೇಳುವುದೇ ಇಲ್ಲ. ತಂತ್ರಜ್ಞಾನ ಬಲ್ಲವರಿಗಿಂತ ಸಂಗೀತ ಬಲ್ಲವರು ಈ ಕೆಲಸಕ್ಕೆ ಮೇಲು; ಗುರುಗಳ ಬಳಿ ಏಳೆಂಟು ವರ್ಷ ಕಲಿತ ಶಿಷ್ಯರೊಬ್ಬರು ಆ ಕುರ್ಚಿಯಲ್ಲಿ ಕುಳಿತರೆ, ಆಲಾಪನೆ ಮಂದ್ರಕ್ಕೆ ಇಳಿಯುವ ಮುಂಚೆ ಫೇಡರನ್ನು ಎಳ್ಳಷ್ಟು ಎತ್ತಬೇಕೆಂದು, ಪಿಟೀಲಿನ ಸರದಿ ಬಂದಾಗ ಗಾಯಕರ ಮೈಕನ್ನು ತಗ್ಗಿಸಬೇಕೆಂದು, ತನಿ ಆವರ್ತನ ಶುರುವಾದ ಕೂಡಲೇ ಕಂಠ ಮತ್ತು ಪಿಟೀಲಿನ ಮೈಕುಗಳನ್ನು ಮುಚ್ಚಿದರೆ ಮೃದಂಗದ ನಾದ ಶುಭ್ರವಾಗುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗುವುದಿಲ್ಲ. ಮೃದಂಗದವರು ಕೊನೆಗೆ ನುಡಿಸುವ ತೀರ್ಮಾನ ಮುಗಿದು, ಪಲ್ಲವಿಯನ್ನು ಎತ್ತಿಕೊಳ್ಳುವ ಜಾಗವಾದ ಎಡುಪ್ಪು ಬರುವಷ್ಟರಲ್ಲಿ ಮುಚ್ಚಿದ ಮೈಕುಗಳನ್ನು ತೆರೆಯುವುದನ್ನು ಮಾತ್ರ ಮರೆಯಬಾರದು.